ನೂರು ಗಂಟೆಗೊಮ್ಮೆ

ಟಪಾಲು ದೋಣಿಯ ಮೋಟಾರು ದಿನಕ್ಕೆ ಒಂದೂವರೆ ಗಂಟೆ ಓಡುತ್ತದೆ. ವಾರಕ್ಕೆ ಆರು ದಿನ, ಅಂದರೆ ಒಂಬತ್ತು ಗಂಟೆ. ನೂರು ಗಂಟೆ ತುಂಬಬೇಕಾದರೆ ಹನ್ನೊಂದು ವಾರ ಹಿಡಿಯುತ್ತದೆ, ಮೇಲೊಂದು ದಿನ ಹೆಚ್ಚು ಕಡಿಮೆ. ಈ ಲೆಕ್ಕ ಮೋಟಾರಕ್ಕನಿಗೆ ಬಾಯಿಪಾಠವಾಗಿತ್ತು. ಯಾರೂ ಕೇಳಿರಲಿಲ್ಲ, ಅವಳು ಯಾರಿಗೂ ಹೇಳಿಯೂ ಇರಲಿಲ್ಲ.

ನೀರಂಚಿನ ತಗಡಿನ ಶೆಡ್ಡು ಅವಳ ಅಪ್ಪನದು. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರುಗಳ ರಿಪೇರಿಯನ್ನು ಅಪ್ಪ ಮಾಡುತ್ತಿದ್ದ. ಅವನ ಕಣ್ಣು ಮಂಜಾದ ಮೇಲೆ ಅವಳು ಮಾಡಿದಳು. ಈಗ ಅವಳಿಗೆ ಐವತ್ತಮೂರು. ಗೋಡೆಯ ಮೇಲೆ ಪಾನಾಗಳು ಗಾತ್ರದ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು. ಮರದ ಅಡ್ಡೆಯ ಮೇಲೆ ಮೂರೋ ನಾಲ್ಕೋ ಮೋಟಾರುಗಳು ಯಾವಾಗಲೂ ಇರುತ್ತಿದ್ದವು. ಮೂಲೆಯಲ್ಲಿ ಬಾಯಿ ಕತ್ತರಿಸಿದ ದೊಡ್ಡ ಡ್ರಮ್ಮು, ಅದರ ತುಂಬ ನೀರು. ರಿಪೇರಿಯಾದ ಮೋಟಾರನ್ನು ಅದರಲ್ಲಿ ಇಳಿಸಿ ಓಡಿಸಿ ನೋಡುವುದು. ಅವಳಿಗೆ ಮದುವೆಯಾಗಿರಲಿಲ್ಲ. ಆಗಬಾರದೆಂದೇನೂ ಇರಲಿಲ್ಲ, ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ಮೋಟಾರು ಅರ್ಧ ಬಿಚ್ಚಿಕೊಂಡು ಮೇಜಿನ ಮೇಲೆ ಬಿದ್ದಿರುತ್ತಿತ್ತು, ಅಷ್ಟೇ.

ನೀರಿನ ಮೇಲೆ ಹೊಟ್ಟೆ ಹೊರೆಯುವವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಟಪಾಲು ದೋಣಿ ನಡೆಸುವಾತ ಒಬ್ಬನೇ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಕರೆದವನಲ್ಲ. "ಏನ್ರೀ" ಅನ್ನುತ್ತಿದ್ದ. ಅದನ್ನು ಮೊದಲು ಗಮನಿಸಿದವರು ಅತ್ತಿಗೆ.

ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ಪಕ್ಕದಲ್ಲೇ ಹಗ್ಗ, ಬಲೆಯ ಬೆಂಡು, ಆಯಿಲ್ ಡಬ್ಬಿ ಮಾರುವ ಅಂಗಡಿ ಅವರದು. ಎರಡಕ್ಕೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅದರಲ್ಲಿ ಮೊಳೆ ಕಿತ್ತ ತೂತುಗಳು. ಅತ್ತಿಗೆಯ ಕಿವಿಗೆ ಅಷ್ಟು ತೂತು ಧಾರಾಳವಾಗಿ ಸಾಕಾಗಿತ್ತು.

"ಊರಿಗೆಲ್ಲ ಅಕ್ಕ. ಆ ಮಹಾರಾಯನಿಗೆ ಮಾತ್ರ ಏನ್ರೀ," ಎಂದಿದ್ದರು ಒಂದು ದಿನ. "ಯಾಕೆ ಅಂತ ಯೋಚನೆ ಮಾಡಿದ್ಯಾ?"

"ಮರೆವು ಇರಬೇಕು."

"ಹೂಂ, ಮರೆವು! ಒಂಬತ್ತು ವರ್ಷದ ಮರೆವು!"

ಹಳೆಯ ಕಾಲದ ಮಾತು ಬೇರೆ. ಆಗ ಟಪಾಲು ದೋಣಿಗಿದ್ದದ್ದು ಟೂ ಸ್ಟ್ರೋಕ್ ಮೋಟಾರು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕಾದ ಜಾತಿ ಅದು. ಹಗುರ, ಸರಳ, ಒಬ್ಬ ಹೆಗಲ ಮೇಲೆ ಹೊತ್ತು ತರಬಹುದು. ಜೋರಾಗಿ ಓಡಿಸಿದರೆ ಹಾಡಿಕೊಂಡು ಹೋಗುತ್ತದೆ. ಆದರೆ ನಿಧಾನಕ್ಕೆ ಓಡಿಸಿದರೆ ಅದಕ್ಕೆ ಆಗಿಬರುವುದಿಲ್ಲ. ಆಯಿಲು ಸರಿಯಾಗಿ ಉರಿಯದೆ ಪ್ಲಗ್ಗಿಗೆ ಮಸಿಯಂತೆ ಹತ್ತಿಕೊಳ್ಳುತ್ತದೆ, ಕಿಡಿ ಸಾಯುತ್ತದೆ. ಟಪಾಲು ದೋಣಿಯೋ, ಒಂದು ನಡುಗಡ್ಡೆಯ ಜೆಟ್ಟಿಯಿಂದ ಇನ್ನೊಂದಕ್ಕೆ ತೆವಳುವುದೇ ಅದರ ಕೆಲಸ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಮೋಟಾರು ಕೈಕೊಡುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಆತ ಬರುತ್ತಿದ್ದ.

ಬಂದವರಿಗೆಲ್ಲ ಅವಳದು ಮೂರು ಪ್ರಶ್ನೆ. ಅವು ಮುಗಿಯುವ ತನಕ ಪಾನಾ ಮುಟ್ಟಬಾರದೆಂದು ಅಪ್ಪ ಕಲಿಸಿದ್ದ. ಹೇಗೆ ನಿಂತಿತು, ಟಪ್ಪೆಂದೋ ಗೊರಗೊರ ಎಂದೋ? ಪೆಟ್ರೋಲು ಎಂದು ತುಂಬಿಸಿದ್ದು? ನಿಲ್ಲುವ ಮೊದಲು ಏನು ಮಾಡಿದಿರಿ? ಟಪ್ಪೆಂದು ನಿಂತರೆ ಕಿಡಿಯ ದೋಷ. ಗೊರಗೊರ ಎಂದು ಎಳೆದಾಡಿ ನಿಂತರೆ ಪೆಟ್ರೋಲಿನದು. ಪೈಪು ಗಾಳಿ ಎಳೆಯುತ್ತಿರಬೇಕು, ಇಲ್ಲವೇ ಟ್ಯಾಂಕಿಗೆ ನೀರು ಸೇರಿರಬೇಕು. ಬೇರೆಯವರು ಮೂರು ಮಾತಲ್ಲಿ ಉತ್ತರ ಕೊಟ್ಟು ಮುಗಿಸುತ್ತಿದ್ದರು. ಆತ ಮಾತ್ರ ಮೂರನೆಯ ಪ್ರಶ್ನೆಗೆ ಬೆಳಗ್ಗಿನಿಂದ ಹೇಳಿಕೊಂಡು ಬರುತ್ತಿದ್ದ. ಎರಡನೇ ನಡುಗಡ್ಡೆಯ ಟೀಚರಮ್ಮನಿಗೆ ಬಂದ ಕಾಗದ ತುಂಬ ದಪ್ಪ ಇತ್ತು, ಆಕೆ ಅದನ್ನು ತೆರೆಯದೆ ಹಾಗೇ ಹಿಡಿದು ನಿಂತಿದ್ದಳು. ಮೂರನೆಯದರಲ್ಲಿ ಒಬ್ಬ ಮುದುಕ ತನಗೇ ತಾನು ಕಾಗದ ಹಾಕಿಕೊಳ್ಳುತ್ತಾನೆ, ಕೈಗೆ ಕೊಟ್ಟರೆ ಅಚ್ಚರಿಪಡುತ್ತಾನೆ. ಇಷ್ಟೆಲ್ಲ ಆದ ಮೇಲೆ, "ಆಮೇಲೆ ಟಪ್ ಅಂತ ನಿಂತೋಯ್ತು ನೋಡಿ." ಪ್ಲಗ್ ಬಿಚ್ಚಿ ಉಜ್ಜಿ ಹಾಕಲು ಹತ್ತು ನಿಮಿಷ ಸಾಕು. ಅವಳು ಮುಕ್ಕಾಲು ಗಂಟೆ ಮಾಡುತ್ತಿದ್ದಳು. ಅದರಲ್ಲಿ ಮೋಸವಿರಲಿಲ್ಲ, ಪ್ಲಗ್ ಅಷ್ಟು ಚೊಕ್ಕಟವಾಗಿ ಬೇರೆ ಯಾರ ಮೋಟಾರಿಗೂ ಆಗುತ್ತಿರಲಿಲ್ಲ.

ಆತನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಕೊನೆಯ ನಡುಗಡ್ಡೆಯಲ್ಲಿ ಒಬ್ಬನೇ ಇದ್ದ.

ಏಳೆಂಟು ತಿಂಗಳ ಹಿಂದೆ ಒಂದು ಬೆಳಗ್ಗೆ, ಇಳಿತದ ನೀರು ಜೋರಾಗಿ ಸೆಳೆಯುತ್ತಿದ್ದಾಗ, ಟಪಾಲು ದೋಣಿಯ ಮೋಟಾರು ನಡುನೀರಲ್ಲಿ ನಿಂತುಹೋಯಿತು. ಪ್ಲಗ್ ಮಸಿಯಾಗಿತ್ತು, ಇಟ್ಟುಕೊಂಡಿದ್ದ ಇನ್ನೊಂದು ಒದ್ದೆಯಾಗಿತ್ತು. ದೋಣಿ ಸಮುದ್ರ ಸೇರುವ ಅಳಿವೆಯ ಕಡೆಗೆ ತೇಲಿಕೊಂಡು ಹೋಗುತ್ತಿದೆ ಎಂದು ಯಾರೋ ಬಂದು ಹೇಳಿದಾಗ ಮೋಟಾರಕ್ಕ ಅಡ್ಡೆಯ ಕಡೆ ತಿರುಗಿದಳು. ಶೆಡ್ಡಿನಲ್ಲಿ ನಾಲ್ಕು ಮೋಟಾರುಗಳಿದ್ದವು, ನಾಲ್ಕೂ ಬಿಚ್ಚಿ ಹರಡಿದ್ದವು. ಜೀವಮಾನವೆಲ್ಲ ಮೋಟಾರು ಓಡಿಸಿಕೊಟ್ಟವಳ ಹತ್ತಿರ ಆ ದಿನ ಓಡುವ ಒಂದು ಮೋಟಾರು ಇರಲಿಲ್ಲ. ಹನ್ನೊಂದರಿಂದ ಮೂರೂವರೆಯ ತನಕ ಜೆಟ್ಟಿಯ ತುದಿಯಲ್ಲಿ ನಿಂತಳು. ಕೊನೆಗೆ ಮರಳಿನ ದೋಣಿಯೊಂದು ಆತನನ್ನು ಕಟ್ಟಿ ಎಳೆದು ತಂದಿತು.

ಆತ ನಗುತ್ತ ಮೇಲೆ ಹತ್ತಿದ. ತುಟಿಯ ಮೇಲೆ ಉಪ್ಪು ಒಣಗಿತ್ತು. "ಬ್ಯಾಗು ನೆನೆದಿಲ್ಲ ರೀ," ಎಂದ.

ಅವಳ ಬಾಯಿಂದ ಹೊರಟದ್ದು ಇಷ್ಟೇ: "ಒಂದು ಒಣ ಪ್ಲಗ್ ಇಟ್ಕೊಳ್ಳೋಕಾಗಲ್ವಾ ನಿಮಗೆ? ಏನು ಮನುಷ್ಯರು!"

ಅದಾದ ಹತ್ತು ದಿನಕ್ಕೆ ಪೋಸ್ಟ್ ಮಾಸ್ತರರು ಶೆಡ್ಡಿಗೆ ಬಂದರು. ಹೊಸ ಮೋಟಾರು ಕೊಳ್ಳಲು ಮೇಲಿನಿಂದ ಒಪ್ಪಿಗೆ ಬಂದಿದೆ, ಮತ್ತೆ ಟೂ ಸ್ಟ್ರೋಕೇ ತರೋದಾ, ಈಗ ಎಲ್ಲರೂ ಹೇಳುವ ಫೋರ್ ಸ್ಟ್ರೋಕ್ ತರೋದಾ, ನಾಲ್ಕು ಸಾಲು ಬರೆದುಕೊಡಿ ಎಂದರು. ಆತನೂ ಜೊತೆಗಿದ್ದ.

"ಟೂ ಸ್ಟ್ರೋಕೇ ಸಾಕು ರೀ," ಎಂದ ಆತ, ಅವಳ ಮುಖ ನೋಡದೆ. "ಕೈಗೆ ಒಗ್ಗಿದೆ. ಕೆಟ್ರೆ ನೀವಿದೀರಲ್ಲ."

ಅವಳು ಎರಡು ದಿನ ಯೋಚಿಸಿದಳು. ಟೂ ಸ್ಟ್ರೋಕಿನ ಪರವಾಗಿ ಬರೆಯಲು ಬೇಕಾದಷ್ಟಿತ್ತು. ಅದನ್ನು ಒಂದು ಪಾನಾದಿಂದ ನೀರಿನ ಮೇಲೆಯೇ ಸರಿಮಾಡಿಕೊಳ್ಳಬಹುದು; ಫೋರ್ ಸ್ಟ್ರೋಕು ಹಾಗಲ್ಲ. ಅದು ಭಾರ, ಅದರ ಹೊಟ್ಟೆಯಲ್ಲಿ ವಾಲ್ವು, ಬೆಲ್ಟು, ಅದಕ್ಕೇ ಬೇರೆ ಆಯಿಲು. ಗೊತ್ತಿಲ್ಲದವರು ತಪ್ಪು ಮಗ್ಗುಲಿಗೆ ಮಲಗಿಸಿದರೂ ಆಯಿಲು ಸಿಲಿಂಡರಿಗೆ ನುಗ್ಗಿ ಹಟ ಹಿಡಿಯುತ್ತದೆ. ಕೆಟ್ಟರೆ ನಡುನೀರಲ್ಲಿ ಏನೂ ಮಾಡಲಾಗದು. ಆದರೆ ಅದು ಕೆಡುವುದಿಲ್ಲ. ಎಷ್ಟು ನಿಧಾನ ಓಡಿಸಿದರೂ ಪ್ಲಗ್ಗಿಗೆ ಮಸಿ ಹಿಡಿಯುವುದಿಲ್ಲ. ನೂರು ಗಂಟೆಗೊಮ್ಮೆ ಆಯಿಲು ಬದಲಿಸಿದರೆ ಆಯಿತು. ಜೆಟ್ಟಿಯಿಂದ ಜೆಟ್ಟಿಗೆ ತೆವಳುವ ದೋಣಿಗೆ ಯಾವುದು ಸರಿ ಎಂದು ಅವಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಜೆಟ್ಟಿಯ ತುದಿಯಲ್ಲಿ ನಿಂತ ಆ ನಾಲ್ಕೂವರೆ ಗಂಟೆ ಅವಳ ಕಾಲಲ್ಲಿ ಇನ್ನೂ ನೋಯುತ್ತಿತ್ತು.

'ಟಪಾಲು ದೋಣಿಗೆ ಫೋರ್ ಸ್ಟ್ರೋಕ್ ಮೋಟಾರೇ ತಕ್ಕದ್ದು' ಎಂದು ಬರೆದು ಕೆಳಗೆ ಸಹಿ ಹಾಕಿದಳು.

ಅತ್ತಿಗೆ ಕಾಗದ ಓದಿ ಹಣೆ ಚಚ್ಚಿಕೊಂಡರು. "ನಿನ್ನ ಕೈಯಾರೆ ಬಾಗಿಲು ಹಾಕ್ಕೊಂಡ್ಯಲ್ಲೇ ತಾಯಿ! ಇನ್ನು ಅವರು ಯಾವ ನೆಪ ಇಟ್ಕೊಂಡು ಬರ್ತಾರೆ?"

"ನೆಪಕ್ಕೋಸ್ಕರ ಜನ ನೀರು ಪಾಲಾಗ್ಬೇಕಾ, ಅತ್ತಿಗೆ?"

ಅತ್ತಿಗೆ ಕಾಗದ ಮಡಿಸಿ ವಾಪಸು ಕೊಟ್ಟರು.

ಹೊಸ ಮೋಟಾರು ಬಂತು. ಇಪ್ಪತ್ತು ಗಂಟೆಗೆ ಮೊದಲ ಸರ್ವಿಸು, ಆಮೇಲೆ ನೂರು ಗಂಟೆಗೆ ಒಂದು. ನಡುವೆ ಆತ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಈ ದಡದ ಕಾಗದಗಳು ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಬರುತ್ತಿದ್ದವು; ದೋಣಿಗೆ ಇಲ್ಲಿ ನಿಲ್ಲುವ ಕೆಲಸವಿಲ್ಲ. ದಾರಿ ಬಿಟ್ಟು ಎಲ್ಲಿ ಕಟ್ಟಿದರೂ ದೋಣಿಯ ಪುಸ್ತಕದಲ್ಲಿ ಕಾರಣ ಬರೆಯಬೇಕು. ಬೆಳಗ್ಗೆ ಹತ್ತೂಹತ್ತಕ್ಕೆ ದೋಣಿ ನಡುನೀರಲ್ಲಿ ನಡುಗಡ್ಡೆಗಳ ಕಡೆ ಹೋಗುತ್ತಿತ್ತು, ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ವಾಪಸು ಬರುತ್ತಿತ್ತು. ಆತ ಕೈ ಎತ್ತುತ್ತಿದ್ದ, ಅವಳು ಕೈಯಲ್ಲಿದ್ದದ್ದನ್ನು ಎತ್ತುತ್ತಿದ್ದಳು. ಪಾನಾ, ಚಿಂದಿಬಟ್ಟೆ, ಒಮ್ಮೆ ಪ್ರೊಪೆಲರನ್ನೇ. ಹಳೆಯ ಮೋಟಾರಾಗಿದ್ದರೆ ದೋಣಿ ತಿರುವಿನಲ್ಲಿರುವಾಗಲೇ ಸದ್ದು ಕೇಳಿಸಿ ಎದ್ದು ಬರಬಹುದಿತ್ತು. ಹೊಸದು ಕಳ್ಳ ಬೆಕ್ಕಿನ ಹಾಗೆ ಬಂದು ಹೋಗುತ್ತಿತ್ತು. ಮೇಜಿನಿಂದ ತಲೆ ಎತ್ತುವುದು ಒಂದು ನಿಮಿಷ ತಡವಾದರೆ ಬರೀ ಬೆನ್ನು ಕಾಣುತ್ತಿತ್ತು. ಕೆಲವು ದಿನ ಅದೂ ಇಲ್ಲ, ನೀರಿನ ಮೇಲೆ ಅಗಲವಾಗುತ್ತಿರುವ ಗೆರೆ ಮಾತ್ರ. ಆ ಗೆರೆ ದಡಕ್ಕೆ ಬಂದು ಸಣ್ಣದಾಗಿ ತಟ್ಟುವ ತನಕ ಅವಳು ನೋಡುತ್ತ ನಿಲ್ಲುತ್ತಿದ್ದಳು.

ಎರಡನೆಯ ನೂರು ಗಂಟೆ ಒಂದು ಮಂಗಳವಾರ ತುಂಬಿತು. ಬೆಳಗಿನ ಸುತ್ತು ಮುಗಿಸಿ ಆತ ದೋಣಿಯನ್ನು ಶೆಡ್ಡಿನ ಇಳಿಜಾರಿಗೆ ತಂದು ನಿಲ್ಲಿಸಿದಾಗ ಅವಳು ಆಗಲೇ ಅರ್ಧ ಗಂಟೆಯಿಂದ ಹೊರಗೆ ಏನೂ ಕೆಲಸವಿಲ್ಲದ ಒಂದು ಬೋಲ್ಟನ್ನು ಉಜ್ಜುತ್ತ ನಿಂತಿದ್ದಳು.

"ಏನ್ರೀ, ಚೆನ್ನಾಗಿದೀರಾ?"

"ಇದೀನಿ. ಹೇಗಿದೆ ಮೋಟಾರು?"

"ಅದಕ್ಕೇನು, ಗುಂಡುಕಲ್ಲಿನ ಹಾಗಿದೆ. ಅದು ಚೆನ್ನಾಗಿರೋದೇ ಒಂದು ಕಾಯಿಲೆ." ಹಲಗೆಯ ಪೆಟ್ಟಿಗೆಯೊಂದನ್ನು ಕವುಚಿ ಹಾಕಿಕೊಂಡು ಕೂತ. "ಈ ಪೆಟ್ಟಿಗೆ ಹೊಸದಲ್ವಾ?"

"ಹಳೇದು ಮುರೀತು. ಎರಡು ತಿಂಗಳಾಯ್ತು."

"ನೋಡಿ, ನನಗೆ ಗೊತ್ತೇ ಇಲ್ಲ."

ಗೋಡೆಯಾಚೆಯಿಂದ ಅತ್ತಿಗೆ ಕೂಗಿದರು: "ಟಪಾಲಿನವ್ರೇ, ನಮ್ಮ ಅಂಗಡಿಗೊಂದು ಕಾಗದ ತಂದ್ಕೊಡೋಕಾಗಲ್ವಾ? ಬಿಲ್ಲು ಬಿಟ್ರೆ ಬೇರೇನೂ ಬರ್ತಿಲ್ಲ."

"ಯಾರಾದ್ರೂ ಬರೆದ್ರೆ ತರ್ತೀನಿ ಅತ್ತಿಗೆ."

"ಬರೆಯೋರು ಇದಾರೆ ಬಿಡಿ, ಪೆನ್ನಿಗೆ ಧೈರ್ಯ ಇಲ್ಲ!"

ಮೋಟಾರಕ್ಕ ಪಾನಾದಿಂದ ತಗಡಿನ ಗೋಡೆಗೆ ಒಂದೇಟು ಬಡಿದಳು. ಆಚೆ ನಗು ಕೇಳಿಸಿತು.

ಮೋಟಾರನ್ನು ಡ್ರಮ್ಮಿಗೆ ಇಳಿಸಿ ಐದು ನಿಮಿಷ ಓಡಿಸಿದಳು, ಆಯಿಲು ಬಿಸಿಯಾಗಲಿ ಎಂದು. ಪಕ್ಕದ ತೂತಿನಿಂದ ನೀರಿನ ಎಳೆ ನೇರವಾಗಿ ಚಿಮ್ಮಿತು. ತಂಪಾಗಿಸುವ ಪಂಪು ಸರಿಯಿದೆ. ಸದ್ದಿನಲ್ಲಿ ಕುಂದಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದಳು. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ. ಇದಕ್ಕಿಂತ ಆರೋಗ್ಯ ಇನ್ನೊಂದಿಲ್ಲ. ಒಂದು ಸಣ್ಣ ತಪ್ಪಾದರೂ ಸಿಕ್ಕೀತೇನೋ ಎಂದು ಪೈಪು, ವೈರು, ಸ್ಪ್ರಿಂಗು ಎಲ್ಲ ತಡವಿದಳು. ಆತ ಅವಳ ಕೈಯನ್ನೇ ನೋಡುತ್ತಿದ್ದ.

"ಏನಾದ್ರೂ ಸಿಕ್ತಾ?"

"ಏನೂ ಇಲ್ಲ."

"ಏನೂ ಇಲ್ವಾ?" ಎಂದ. ಅದು ಸಂತೋಷದ ದನಿಯಲ್ಲ.

ಮೂರನೆಯ ನಡುಗಡ್ಡೆಯ ಮುದುಕ ಈಗ ಕಾಗದ ಹಾಕಿಕೊಳ್ಳುತ್ತಿಲ್ಲವಂತೆ. ಕೈ ನಡುಗುತ್ತದಂತೆ. ಆತ ಒಂದು ದಿನ ತಾನೇ ಒಂದು ಕಾಗದ ಬರೆದು ಮುದುಕನ ವಿಳಾಸ ಹಾಕಿ ತಲುಪಿಸಿದನಂತೆ. "ಏನು ಬರೆದ್ರಿ?" ಎಂದು ಕೇಳಿದಳು. "ಹವಾಮಾನ," ಎಂದ. "ಇನ್ನೇನು ಬರೀಲಿ? ನನಗೂ ಯಾರಿಗೂ ಬರೆದು ಅಭ್ಯಾಸ ಇಲ್ಲ."

ಆಯಿಲು ಬದಲಾಯಿತು, ಫಿಲ್ಟರು ಬದಲಾಯಿತು. ಉಳಿದದ್ದು ಕೆಳಗಿನ ಗೇರ್ ಪೆಟ್ಟಿಗೆ. ತಳದ ತಿರುಪು ಬಿಚ್ಚಿ ಹಳೆಯ ಆಯಿಲು ಇಳಿಸಿ ಹೊಸದು ತುಂಬಿದಳು. ಆ ತಿರುಪಿಗೆ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಒಂದು ವಾಷರು. ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು. ಹಳೆಯದು ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ. ಹೊಸ ವಾಷರುಗಳ ಡಬ್ಬಿ ಕೈಗೆಟಕುವಲ್ಲೇ ಇತ್ತು. ಹಳೆಯದು ಬೆರಳ ತುದಿಗೆ ಅಂಟಿಕೊಂಡಿತ್ತು.

ಹಳೆಯದನ್ನೇ ಹಾಕಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತು. ಹನಿಹನಿಯಾಗಿ ನೀರು ಒಳಗೆ ಸೇರುತ್ತದೆ. ಒಂದು ತಿಂಗಳಲ್ಲಿ ಆಯಿಲು ಹಾಲು ಬೆರೆಸಿದ ಟೀಯ ಹಾಗಾಗುತ್ತದೆ. ಗೇರು ಗೊಣಗುತ್ತದೆ. ಆಗ ಬರಲೇಬೇಕು. ಹನ್ನೊಂದು ವಾರ ಕಾಯಬೇಕಾಗಿಲ್ಲ, ನಾಲ್ಕೇ ವಾರ. ಹತ್ತು ಮೆಕ್ಯಾನಿಕ್ಕುಗಳಲ್ಲಿ ಆರು ಜನ ಹಳೆಯದನ್ನೇ ಹಾಕುತ್ತಾರೆ. ಅಂಥವರನ್ನು ಅವಳು ಜೀವಮಾನವೆಲ್ಲ ಬಾಯಿತುಂಬ ಬೈದಿದ್ದಳು.

ಆತ ಆ ಹೊತ್ತಿಗೆ, "ಇನ್ನು ಬರೋದು ಚಳಿ ಮುಗಿದ ಮೇಲೇನೇ," ಎಂದ, ನೀರಿನ ಕಡೆ ನೋಡುತ್ತ.

ಅವಳ ಕೈ ಹಳೆಯ ವಾಷರನ್ನೇ ಹಾಕಿ ತಿರುಪು ಬಿಗಿಯಿತು.

"ಒಂದು ತಿಂಗಳು ಬಿಟ್ಟು ಒಮ್ಮೆ ತೋರಿಸಿ," ಎಂದಳು. ತನ್ನ ದನಿ ತನಗೇ ಬೇರೆಯವರ ದನಿಯ ಹಾಗೆ ಕೇಳಿಸಿತು.

"ಯಾಕೆ? ನೂರು ಗಂಟೆ ಅಂದಿದ್ರಲ್ಲ?"

"ಹಾಗೇ. ನೋಡೋಣ ಅಂತ."

ಆತ ಒಂದು ಗಳಿಗೆ ಅವಳನ್ನು ನೋಡಿದ. ಮುಖದಲ್ಲಿ ಏನೋ ಬೆಳಗಿದ ಹಾಗಾಯಿತು. "ಆಗಲಿ ರೀ, ಬರ್ತೀನಿ," ಎಂದು ದೋಣಿ ತಳ್ಳಿದ.

ಆ ಸಂಜೆ ಅವಳು ಅರ್ಧ ಊಟಕ್ಕೇ ತಟ್ಟೆ ಸರಿಸಿದಳು.

"ಏನಾಯ್ತೇ? ಮುಖ ಟೂ ಸ್ಟ್ರೋಕ್ ಪ್ಲಗ್ ಥರ ಆಗಿದೆ," ಎಂದರು ಅತ್ತಿಗೆ.

"ತಲೆನೋವು."

ತಲೆ ನೋಯುತ್ತಿರಲಿಲ್ಲ. ಒಂದು ತಿಂಗಳ ಮಾತನ್ನು ಆತ ಮರೆತರೆ? ನೀರು ಸೇರಿದ ಆಯಿಲಿನಲ್ಲಿ ಗೇರಿನ ಹಲ್ಲುಗಳು ಒಂದನ್ನೊಂದು ತಿನ್ನುತ್ತ ಹೋಗುತ್ತವೆ. ಒಂದು ದಿನ ಮೇಲೆ ಮೋಟಾರು ಓಡುತ್ತಿರುತ್ತದೆ, ಕೆಳಗೆ ಪ್ರೊಪೆಲರು ತಿರುಗುವುದಿಲ್ಲ. ಅದು ಇಳಿತದ ಹೊತ್ತಾಗಿರಬಾರದೆಂದು ಯಾರಿಗೆ ಹೇಳುವುದು? ಯಾವುದಕ್ಕೆ ಹೆದರಿ ಆ ಕಾಗದ ಬರೆದಿದ್ದಳೋ ಅದನ್ನೇ ಈಗ ತನ್ನ ಕೈಯಿಂದ ತಿರುಪು ಹಾಕಿ ಬಿಗಿದು ಕಳಿಸಿದ್ದಳು. ಅದೂ ಅವಳ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಟ್ಟವನ ದೋಣಿಗೆ. ಕಾಫಿ ಬೀಜದ ಬಣ್ಣದ ಆ ಪ್ಲಗ್ಗು ಕಣ್ಣ ಮುಂದೆ ಬಂದು ನಾಚಿಕೆಯಾಯಿತು.

ಆ ನೀರಿನ ಮೇಲೆ ಒಂದು ರೂಢಿಯಿತ್ತು. ದಡದಲ್ಲಿರುವವರು ಹುಟ್ಟನ್ನು ನೆಟ್ಟಗೆ ಮೇಲೆತ್ತಿ ಹಿಡಿದರೆ, ಎಲ್ಲ ಬಿಟ್ಟು ಇಲ್ಲಿಗೆ ಬಾ ಎಂದು ಅರ್ಥ. ಯಾರೂ ಅದನ್ನು ತಮಾಷೆಗೆ ಎತ್ತುವುದಿಲ್ಲ. ಬುಧವಾರ ಹತ್ತಕ್ಕೇ ಮೋಟಾರಕ್ಕ ತನಗಿಂತ ಉದ್ದದ ಒಂದು ಹುಟ್ಟು ಹಿಡಿದು ಜೆಟ್ಟಿಯ ತುದಿಗೆ ಹೋಗಿ ನಿಂತಳು. ತಿರುವಿನಲ್ಲಿ ದೋಣಿಯ ಮೂತಿ ಕಂಡದ್ದೇ ಎತ್ತಿದಳು. ದೋಣಿ ಆ ಕ್ಷಣವೇ ತಿರುಗಿತು.

"ಯಾರಿಗೇನಾಯ್ತು?" ಆತ ದೋಣಿಯನ್ನು ಸರಿಯಾಗಿ ಕಟ್ಟುವ ಮೊದಲೇ ಕೇಳಿದ. ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ ಹುಷಾರಾಗಿದಾರಾ?"

"ಎಲ್ಲ ಹುಷಾರಾಗಿದಾರೆ. ಮೋಟಾರು ಎತ್ತಿ. ಗೇರ್ ಪೆಟ್ಟಿಗೆ ವಾಷರ್ ಬದಲಾಯಿಸ್ಬೇಕು."

ಆತ ಎತ್ತಿಕೊಟ್ಟ. ಅವಳು ಮೊಣಕಾಲೂರಿ ಕೂತು, ಆಯಿಲು ಒಂದು ತಟ್ಟೆಗೆ ಹಿಡಿದು, ಹೊಸ ವಾಷರು ಹಾಕಿ, ಹೊಸ ಆಯಿಲು ತುಂಬಿದಳು. ಹತ್ತು ನಿಮಿಷದ ಕೆಲಸ. ಈ ಸಲ ಹತ್ತೇ ನಿಮಿಷ ತೆಗೆದುಕೊಂಡಳು. ಆತ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಿಂತ ಕಾರಣ ಏನಂತ ಬರೀಲಿ?"

"ಮೆಕ್ಯಾನಿಕ್ಕಿನ ತಪ್ಪು ಅಂತ ಬರೀರಿ."

"ಮರೆತು ಹಳೇದು ಹಾಕಿದ್ರಾ? ಯಾರಿಗಾದ್ರೂ ಆಗುತ್ತೆ ಬಿಡಿ. ಇದನ್ನೆಲ್ಲ ಬರೆಯೋದು ಬೇಡ, ಮಾಸ್ತರು ಓದ್ತಾರೆ."

"ಮರೆತಿದ್ದಲ್ಲ," ಎಂದಳು ಮೋಟಾರಕ್ಕ. ತಿರುಪಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. "ಬೇಕು ಅಂತಾನೇ ಹಾಕ್ದೆ. ನೀರು ಸೇರಿದ್ರೆ ನೀವು ಬೇಗ ಬರ್ತೀರಿ ಅಂತ."

ನೀರು ಜೆಟ್ಟಿಯ ಕಂಬಗಳಿಗೆ ಬಡಿಯುತ್ತಿತ್ತು. ಆತ ನಗಬಹುದೆಂದು ಅವಳು ಅಂದುಕೊಂಡಿದ್ದಳು, ಇಲ್ಲವೇ ಬೈಯಬಹುದೆಂದು. ಎರಡಕ್ಕೂ ಸಿದ್ಧಳಾಗಿ ಬಂದಿದ್ದಳು.

"ಫೋರ್ ಸ್ಟ್ರೋಕ್ ತರ್ಸಿ ಅಂತ ಬರೆದೋರು ನೀವೇ ಅಲ್ವಾ?" ಎಂದ ಆತ. ದನಿ ಒಡೆದಿತ್ತು. "ನಾನು ಬಾಯಿಬಿಟ್ಟು ಹೇಳ್ದೆ ಟೂ ಸ್ಟ್ರೋಕೇ ಇರ್ಲಿ ಅಂತ. ಆದ್ರೂ ಬರೆದ್ರಿ. ನನ್ನ ಕಾಟ ಸಾಕಾಯ್ತು ಇವರಿಗೆ ಅಂದ್ಕೊಂಡೆ. ಆರು ತಿಂಗಳಿಂದ ಹಾಗೇ ಅಂದ್ಕೊಂಡಿದೀನಿ."

"ಅವತ್ತು ನೀವು ತೇಲ್ಕೊಂಡು ಹೋದಾಗ ನಾನು ಇಲ್ಲೇ ನಿಂತಿದ್ದೆ," ಎಂದಳು ಅವಳು. "ಹನ್ನೊಂದರಿಂದ ಮೂರೂವರೆ ತನಕ. ಇದೇ ಹಲಗೆ ಮೇಲೆ."

"ನಂಗೇನು ಗೊತ್ತು? ನೀವು ಬೈದಿದ್ದಷ್ಟೇ ಗೊತ್ತು."

ಅವಳು ಪಾನಾವನ್ನು ಚಿಂದಿಬಟ್ಟೆಯಲ್ಲಿ ಒರೆಸತೊಡಗಿದಳು.

"ಒಂಬತ್ತು ವರ್ಷ," ಎಂದ ಆತ, ಪುಸ್ತಕದಲ್ಲಿ ಏನನ್ನೋ ಬರೆದು ಮುಚ್ಚುತ್ತ. "ಇನ್ನೂರು ಸಲ ಬಂದಿರ್ಬೇಕು ನಾನು ಈ ದಡಕ್ಕೆ. ಕೆಟ್ಟಾಗೆಲ್ಲ ಬಂದೆ. ಒಂದೆರಡು ಸಲ ಕೆಡದೇ ಇದ್ದಾಗ್ಲೂ ಬಂದೆ, ಕೆಟ್ಟಿದೆ ಅಂತ. ನೀವು ಒಂದ್ಸಲ ಬಂದ್ರಾ ಆ ಕಡೆ? ಭಾನುವಾರ ಲಾಂಚು ಇಲ್ವಾ?"

ಹಗ್ಗ ಬಿಚ್ಚಿ, "ಟಪಾಲು ತಡ ಆಯ್ತು," ಎಂದು ಹೊರಟುಹೋದ. ಮೋಟಾರು ಸದ್ದಿಲ್ಲದೆ ಅವನನ್ನು ಕರೆದುಕೊಂಡು ಹೋಯಿತು.

ಗುರುವಾರ ಆತ ಎಂದಿನಂತೆ ನಡುನೀರಲ್ಲಿ ಹೋದ, ಎಂದಿನಷ್ಟೇ ಕೈ ಎತ್ತಿದ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಅದರಲ್ಲಿ ಕೋಪವಿತ್ತೋ ಇಲ್ಲವೋ, ಅಷ್ಟು ದೂರದಿಂದ ಹೇಗೆ ತಿಳಿಯಬೇಕು? ಶುಕ್ರವಾರವೂ ಹಾಗೇ. ಶನಿವಾರ ಅತ್ತಿಗೆ ಅಂಗಡಿ ಬಿಟ್ಟು ಬಂದು ಮೇಜಿನ ಎದುರಿಗೇ ಕೂತರು. ಎಲ್ಲ ಹೇಳಿಸಿಕೊಂಡೇ ಬಿಟ್ಟರು.

"ಅವರು ಹೇಳಿದ್ರಲ್ಲಿ ತಪ್ಪೇನಿದೆ? ಸರಿಯಾಗೇ ಇದೆಯಲ್ಲ," ಎಂದರು.

"ಹೋಗಿ ಏನಂತ ಹೇಳ್ಲಿ ಅತ್ತಿಗೆ?"

"ಇನ್ನೂರು ಸಲ ಬಂದಾಗ ಅವರೇನು ಹೇಳಿದ್ರು?"

"ಪ್ಲಗ್ ಕಪ್ಪಾಗಿದೆ ಅಂತ."

"ಮತ್ತೆ? ಅಷ್ಟರಲ್ಲೇ ಒಂಬತ್ತು ವರ್ಷ ನಡೀಲಿಲ್ವಾ? ನೀನೂ ಏನೋ ಒಂದು ಹೇಳು. ಹವಾಮಾನ ಹೇಳು."

ಮೋಟಾರಕ್ಕ ನಕ್ಕಳು, ನಗುವಾಗ ಕಣ್ಣಲ್ಲಿ ನೀರು ಬಂತು. ಅವಳು ಎಲ್ಲಿಗೂ ಹೋದವಳಲ್ಲ. ಹೋಗಬೇಕಾಗಿಯೇ ಬಂದಿರಲಿಲ್ಲ. ಕೆಟ್ಟದ್ದೆಲ್ಲ ತಾನಾಗಿ ಅವಳ ಬಾಗಿಲಿಗೆ ಬರುತ್ತಿತ್ತು. ಬೇಕಾದದ್ದೂ ಹಾಗೇ ಬರುತ್ತದೆಂದು ಕಾಯುತ್ತ ಕೂತುಬಿಟ್ಟಿದ್ದಳು. ಬರುವವನಿಗೂ ಕಾಲು ಸೋಲುತ್ತದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಸೋಪು ಹಚ್ಚಿ, ಸೀಮೆಎಣ್ಣೆ ಹಚ್ಚಿ, ಮತ್ತೆ ಸೋಪು ಹಚ್ಚಿ ಕೈ ತೊಳೆದಳು. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಪಾನಾ ಪೆಟ್ಟಿಗೆಯನ್ನು ಅಭ್ಯಾಸದಿಂದ ಎತ್ತಿಕೊಂಡವಳು ಬಾಗಿಲ ತನಕ ಹೋಗಿ, ವಾಪಸು ಬಂದು, ಕೆಳಗಿಟ್ಟಳು.

ಲಾಂಚಿನಲ್ಲಿ ಹತ್ತಿ ಕೂರುವಷ್ಟರಲ್ಲೇ ಒಬ್ಬ ಬಲೆಯವನು ಕೇಳಿದ: "ಅಕ್ಕ, ನೀವೇ ಹೊರಟಿದೀರಿ! ಯಾರ ಮೋಟಾರು ಕೆಟ್ಟಿದೆ?"

"ಯಾರದ್ದೂ ಇಲ್ಲ."

ಮೊಟ್ಟೆ ಮಾರುವ ಹೆಂಗಸು ಜಾಗ ಬಿಟ್ಟುಕೊಟ್ಟು ಕೇಳಿದಳು: "ಮತ್ತೆ ಪೆಟ್ಟಿಗೆ ಎಲ್ಲಕ್ಕಾ?"

"ಮನೇಲಿದೆ."

ಲಾಂಚು ನಡೆಸುವವನು ತಲೆ ಹೊರಗೆ ಹಾಕಿದ. "ಅಕ್ಕ, ದೇವರ ಹಾಗೆ ಬಂದ್ರಿ. ಇದೊಂಚೂರು ಕೇಳಿ, ಟಕಟಕ ಅಂತಿದೆ."

"ಇವತ್ತು ನನ್ನ ಕಿವಿಗೆ ರಜಾ ಕಣಪ್ಪಾ."

ಎಲ್ಲರೂ ನಕ್ಕರು. ಅವಳಿಗೆ ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ಸೀಟಿನ ಮೇಲಿಟ್ಟಳು, ಕೊನೆಗೆ ಕಂಬಿ ಹಿಡಿದುಕೊಂಡಳು. ಲಾಂಚು ನಡುನೀರಿಗೆ ಬಂದಾಗ ತನ್ನ ಶೆಡ್ಡು ಕಂಡಿತು. ಇಲ್ಲಿಂದ ಅದು ಬೆಂಕಿಪೊಟ್ಟಣದಷ್ಟಿತ್ತು. ಅದರ ಮುಂದೆ ಯಾರಾದರೂ ನಿಂತು ಕೈ ಎತ್ತಿದರೆ ಒಂದು ಚುಕ್ಕೆ ಅಲುಗಿದಷ್ಟೇ ಕಾಣುತ್ತದೆ, ಮುಖವಲ್ಲ. ದಿನವೂ ಆತ ಇಷ್ಟನ್ನೇ ನೋಡಿಕೊಂಡು ಹೋಗುತ್ತಿದ್ದ. ಮೊದಲ ನಡುಗಡ್ಡೆ ದಾಟಿತು. ಟೀಚರಮ್ಮನ ಎರಡನೆಯದು, ಮುದುಕನ ಮೂರನೆಯದು. ಅವಳಿಗೆ ಕೇಳಿಯಷ್ಟೇ ಗೊತ್ತಿದ್ದ ಜಾಗಗಳು ಒಂದೊಂದಾಗಿ ಬಂದು ಹಿಂದೆ ಸರಿದವು.

ಕೊನೆಯ ಜೆಟ್ಟಿಯಲ್ಲಿ ಇಳಿದವಳು ಅವಳೊಬ್ಬಳೇ.

ಆತ ದಡದ ಮೇಲೆ ದೋಣಿಯನ್ನು ಕವುಚಿ ಹಾಕಿಕೊಂಡು ತಳಕ್ಕೆ ಹತ್ತಿದ ಚಿಪ್ಪು ಕೆರೆಯುತ್ತಿದ್ದ. ಲಾಂಚಿನ ಸದ್ದಿಗೆ ತಲೆ ಎತ್ತಲಿಲ್ಲ. ಭಾನುವಾರದ ಲಾಂಚಿನಲ್ಲಿ ಆತನಿಗಾಗಿ ಯಾರೂ ಬರುವವರಿರಲಿಲ್ಲ. ಲಾಂಚು ಹಿಂದಕ್ಕೆ ಸರಿದು ಸದ್ದು ದೂರವಾಯಿತು. ಅವಳು ಕಲ್ಲುಮೆಟ್ಟಿಲಿನ ಕೆಳಗೆ ಹಾಗೇ ನಿಂತಳು. ಕೆರೆಯುವ ಸದ್ದು ಇನ್ನೂ ಸ್ವಲ್ಪ ಹೊತ್ತು ನಡೆದು ನಿಂತಿತು.

ಆತ ಎದ್ದ. ಕೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಮೆಟ್ಟಿಲಿಳಿದು ಅರ್ಧಕ್ಕೆ ಬಂದು ನಿಂತ.

"ಊಟ ಆಗಿಲ್ಲ ಅಲ್ವಾ?" ಎಂದ.

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನನ್ನದೂ ಆಗಿಲ್ಲ. ಮೆಟ್ಟಿಲು ಪಾಚಿ ಕಟ್ಟಿದೆ ರೀ, ನಾನು ಕಾಲಿಟ್ಟಲ್ಲೇ ಇಟ್ಕೊಂಡು ಬನ್ನಿ."

ಆತ ತಿರುಗಿ ನಿಧಾನವಾಗಿ ಹತ್ತತೊಡಗಿದ, ಪ್ರತಿ ಕಲ್ಲನ್ನೂ ಕಾಲಿನಿಂದ ಒತ್ತಿ ನೋಡುತ್ತ. ಅವಳು ಹಿಂದೆಯೇ ಹತ್ತಿದಳು.